ಗೋಡೆಗೆ ಬಿದ್ದ ಆರು ತೂತು

ಮೀಟರಯ್ಯನ ಮನೆಗೂ ಅವನ ಅಣ್ಣನ ಮನೆಗೂ ನಡುವೆ ಇದ್ದದ್ದು ಅರ್ಧ ಇಟ್ಟಿಗೆಯ ಗೋಡೆ. ಅದನ್ನು ಗೋಡೆ ಅನ್ನುವುದಕ್ಕೂ ಸಂಕೋಚವಾಗಬೇಕು, ಅಷ್ಟು ತೆಳು. ಆ ಕಡೆಯವರು ಸೀನಿದರೆ ಈ ಕಡೆಯವರು ಮೂಗು ಒರೆಸಿಕೊಳ್ಳುತ್ತಿದ್ದರು.

ಹಿಂದೆ ಅದು ಒಂದೇ ಮನೆ, ಉದ್ದಕ್ಕೂ ಒಂದೇ ಹಜಾರ. ಅಣ್ಣನಿಗೆ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ. ಜನ ಏಳುವ ಮೊದಲೇ ಬ್ರೆಡ್ಡು ಬೆಂದಿರಬೇಕಾದ್ದರಿಂದ ಅವನು ಸಂಜೆ ಕತ್ತಲಾಗುವ ಮುಂಚೆಯೇ ಮಲಗಬೇಕು. ತಮ್ಮನಿಗೆ ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸ. ಅದಕ್ಕೇ ಬೀದಿಯವರೆಲ್ಲ ಅವನನ್ನು ಮೀಟರಯ್ಯ ಅನ್ನುತ್ತಿದ್ದದ್ದು. ಹಗಲೆಲ್ಲ ಮೋರಿ ಪಕ್ಕ ಬಗ್ಗಿ ಬಗ್ಗಿ ಬಂದವನಿಗೆ ಸಂಗೀತ ಉಕ್ಕುತ್ತಿದ್ದದ್ದು ಸರಿಯಾಗಿ ಅಣ್ಣ ಮಲಗುವ ಹೊತ್ತಿಗೆ.

ಒಂದು ಸಂಜೆ ಅಣ್ಣ ಎದ್ದು ಬಂದು, "ಆ ಪೆಟ್ಟಿಗೆ ಮುಚ್ಚೋ" ಅಂದ. ತಮ್ಮ, "ಇದು ಪೆಟ್ಟಿಗೆ ಅಲ್ಲ, ಕೀಬೋರ್ಡು" ಅಂದ. ಜಗಳ ಇಷ್ಟೇ. ಇದಕ್ಕೆ ಸೋದರಮಾವ ಬಂದು, ಇಬ್ಬರನ್ನೂ ಕೂರಿಸಿ, ಹಜಾರದ ನಡುವೆ ಗೋಡೆ ಎಬ್ಬಿಸಿ, "ಇನ್ನು ಅವನ ನಿದ್ದೆ ಅವನಿಗೆ, ಇವನ ಸಂಗೀತ ಇವನಿಗೆ" ಎಂದು ತೀರ್ಪು ಕೊಟ್ಟು ಹೋದ. ಗೋಡೆ ಸದ್ದನ್ನು ತಡೆಯಲಿಲ್ಲ. ಮಾತನ್ನು ಮಾತ್ರ ಬಹಳ ಚೆನ್ನಾಗಿ ತಡೆಯಿತು. ಅಣ್ಣತಮ್ಮಂದಿರು ಎದುರು ಸಿಕ್ಕರೆ ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಹಿತ್ತಲ ನಲ್ಲಿಯೊಂದು ಮಾತ್ರ ಪಾಲಾಗಲಿಲ್ಲ. ವಾರಗಿತ್ತಿಯರು ಅಲ್ಲಿ ಬಟ್ಟೆ ಒಗೆಯುತ್ತ ಎರಡು ಮನೆಯ ಸಮಾಚಾರವನ್ನೂ ಹಿಂಡಿ ಹರವುತ್ತಿದ್ದರು.

ಈಗ ಅಣ್ಣ ಬೇಕರಿ ಬಿಟ್ಟು ಮನೆಯಲ್ಲೇ ಇದ್ದ. ಬೇಗ ಮಲಗುವ ಅವಸರ ಹೋಗಿತ್ತು. ಲೆಕ್ಕ ನೋಡಿದರೆ ಗೋಡೆಗೂ ಕೆಲಸ ಮುಗಿದಿತ್ತು. ಆದರೆ ಅದಕ್ಕೆ ನಿವೃತ್ತಿ ಕೊಡಬೇಕೆಂದು ಯಾರಿಗೂ ತೋಚಲಿಲ್ಲ.

ಮೀಟರಯ್ಯನ ಹತ್ತಿರ ಅಷ್ಟು ಹೊತ್ತಿಗೆ ಮೂರು ವಾದ್ಯ ಸೇರಿದ್ದವು. ಒಂದು ಹಳೆಯ ಕೀಬೋರ್ಡು. ಒಂದು, ಜಗಳವಾಡಿಕೊಂಡು ಚೆದುರಿಹೋದ ಆರ್ಕೆಸ್ಟ್ರಾದವರು ಮಾರಿದ್ದು. ಮೂರನೆಯದು ಸಿಂಥಸೈಜರು. ಅದರ ಮೈತುಂಬ ಗುಂಡಿ, ತಿರುಪು. ಯಾವುದನ್ನು ತಿರುಗಿಸಿದರೆ ಏನಾಗುತ್ತದೆಂದು ಕೊಂಡವನಿಗೂ ಗೊತ್ತಿರಲಿಲ್ಲ, ಕೊಟ್ಟವನಿಗೂ ಗೊತ್ತಿರಲಿಲ್ಲ. ಒಂದು ಮಂಚದ ಕೆಳಗೆ, ಒಂದು ಇಸ್ತ್ರಿ ಮೇಜಿನ ಮೇಲೆ, ಇನ್ನೊಂದು ಎರಡು ಕುರ್ಚಿಗಳ ನಡುವೆ ಸೇತುವೆಯ ಹಾಗೆ.

"ಈ ಮನೇಲಿ ನಾನು ನಡೀಬೇಕಾ, ಹಾರಬೇಕಾ? ಅದೊಂದು ಹೇಳಿಬಿಡಿ," ಎಂದು ಹೆಂಡತಿ ದಿನಾ ಕೇಳುತ್ತಿದ್ದಳು.

ಹೀಗಿರುವಾಗ ಮೀಟರಯ್ಯ ಯಾರದೋ ಮನೆಯಲ್ಲಿ ಮೀಟರು ಹುಡುಕುತ್ತ ತಪ್ಪು ಕೋಣೆಗೆ ನುಗ್ಗಿದ. ಅಲ್ಲಿ ಗೋಡೆಯ ಮೇಲೆ ಕೀಬೋರ್ಡುಗಳು ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಕೂತಿದ್ದವು. ಕೆಳಗೆ ನೆಲ ಗುಡಿಸಿದ ಹಾಗೆ ಖಾಲಿ. ಮನೆಯವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಸುಮ್ಮನೆ ತಲೆ ತೂಗುತ್ತಿದ್ದ. "ಇದೇನು ಸಾರ್?" ಅಂದರೆ, "ಹೋಮ್ ಸ್ಟುಡಿಯೋ" ಅಂದ. ಮೀಟರಯ್ಯ ಮೀಟರು ಓದುವುದನ್ನೇ ಮರೆತು ಬಂದ. ಆ ತಿಂಗಳು ಆ ಮನೆಯವರು ಎಷ್ಟು ನೀರು ಕುಡಿದರೆಂಬುದು ದೇವರಿಗೇ ಗೊತ್ತು.

"ನಮ್ಮನೇಲೂ ಸ್ಟುಡಿಯೋ ಮಾಡ್ತೀನಿ," ಎಂದು ಹೆಂಡತಿಗೆ ಹೇಳಿದ.

"ಮಾಡಿ. ನೆಲದಿಂದ ಎದ್ದರೆ ಸಾಕು, ಆಕಾಶಕ್ಕೆ ಬೇಕಾದ್ರೂ ತೂಗುಹಾಕಿ."

ಒಂದು ಗೋಡೆಗೆ ಕಿಟಕಿ, ಒಂದಕ್ಕೆ ಬಾಗಿಲು, ಒಂದಕ್ಕೆ ಪಾತ್ರೆಯ ಕಪಾಟು. ಖಾಲಿ ಇದ್ದದ್ದು ಅಣ್ಣನ ಕಡೆಯ ಗೋಡೆ ಒಂದೇ.

ಬಡಗಿ ಬಂದ. ಅವನನ್ನು ಎಲ್ಲರೂ ಅಂದಾಜಪ್ಪ ಅನ್ನುತ್ತಿದ್ದರು. ಟೇಪು ಅವನ ಚೀಲದಲ್ಲಿ ಇರುತ್ತಿತ್ತು, ಹೊರಗೆ ಬಂದದ್ದನ್ನು ಕಂಡವರಿಲ್ಲ. "ಟೇಪು ಯಾಕೆ ಸಾರ್, ಕಣ್ಣಿಲ್ವಾ?" ಅನ್ನುತ್ತಿದ್ದ. ಇನ್ನೊಂದು ಗುಣವೆಂದರೆ ಯಾರು ಏನು ಕೇಳಿದರೂ ಹೌದು ಅನ್ನುವುದು. ಇಲ್ಲ ಅಂದರೆ ಕೆಲಸ ಕೈತಪ್ಪುತ್ತದೆಂಬ ಹೆದರಿಕೆ.

ಮೂರು ವಾದ್ಯಕ್ಕೆ ಮೂರು ಸಾಲು, ಒಂದೊಂದು ಸಾಲಿನ ಎರಡು ತುದಿಗೂ ಒಂದೊಂದು ತೂತು. ಡ್ರಿಲ್ಲು ಹಿಡಿದ. ಗೋಡೆ ಹಪ್ಪಳದ ಹಾಗೆ ಪುಡಿಯಾಗಿ, ತೂತು ಅತ್ತ ಕಡೆಗೇ ದಾಟಿತು. ಒಂದಲ್ಲ, ಆರೂ.

"ಸಾರ್, ಈ ಗೋಡೇಲಿ ಮೊಳೆ ನಿಲ್ಲಲ್ಲ. ಉದ್ದದ ಬೋಲ್ಟು ಹಾಯಿಸಿ, ಆ ಕಡೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗೀಬೇಕು. ಅವರ ಮನೆಗೆ ಹೋಗಿ ಒಂದ್ಮಾತು ಹೇಳಿಬನ್ನಿ."

"ನಾನಾ? ನಾನು ಆ ಮನೆ ಮೆಟ್ಟಿಲು ಹತ್ತಲ್ಲ. ನೀನೇ ಹೇಳು."

"ಹೌದು ಸಾರ್," ಎಂದು ಬಡಗಿ ಹೋದ.

ಅತ್ತ ಕಡೆ ನಡೆದದ್ದು ಮೀಟರಯ್ಯನಿಗೆ ತಿಳಿದದ್ದು ಎಲ್ಲ ಕೆಟ್ಟ ಮೇಲೆ. ಓದುವವರಾದರೂ ಈಗಲೇ ತಿಳಿದುಕೊಂಡಿರುವುದು ಒಳ್ಳೆಯದು.

ಅಣ್ಣ ಬೀರುವಿನ ಪಕ್ಕ ನಿಂತು ಗೋಡೆಯನ್ನೇ ನೋಡುತ್ತಿದ್ದ. ಎರಡು ತೂತು ಬೀರುವಿನ ಆಚೆ, ಎರಡು ಈಚೆ, ಎರಡು ಅವನ ತಲೆಗಿಂತ ಸ್ವಲ್ಪ ಮೇಲೆ. ಬೆರಳಿನಿಂದ ಒಂದಕ್ಕೊಂದು ಗೆರೆ ಎಳೆದರೆ ಅಚ್ಚುಕಟ್ಟಾಗಿ ಒಂದು ಬಾಗಿಲು.

"ತಮ್ಮನೇ ಹೇಳಿದ್ನಾ?" ಅಂದ ಅಣ್ಣ, ಬಡಗಿ ಪಟ್ಟಿಯ ಮಾತು ಎತ್ತುವ ಮುಂಚೆಯೇ.

"ಅವರೇ ಹೇಳಿದ್ದು."

"ಇಷ್ಟು ಅಗಲಾನಾ?"

"ಇಷ್ಟೇ ಅಗಲ."

"ಆಳೆತ್ತರ ಬರತ್ತಾ?"

"ಆಳೆತ್ತರ ಬರತ್ತೆ."

ಅಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. "ನನಗೆ ಈಗ ಬೇಗ ಮಲಗೋ ಅವಸರ ಇಲ್ಲ ಅಂತ ಅವನಿಗೂ ಗೊತ್ತಾಗಿದೆ ಕಣೆ. ಬಾಯಲ್ಲಿ ಹೇಳೋಕೆ ನಾಚಿಕೆ. ಗೋಡೆಗೇ ಕೈ ಹಾಕಿದಾನೆ." ಆಮೇಲೆ ಬಡಗಿಗೆ, "ಇದಕ್ಕೆ ಚೌಕಟ್ಟು ಯಾರು ಮಾಡ್ತಾರಪ್ಪ?"

ಅಂದಾಜಪ್ಪನಿಗೆ ಚೌಕಟ್ಟು ಯಾಕೆಂದು ಅರ್ಥವಾಗಲಿಲ್ಲ. ಆದರೆ ಇನ್ನೊಂದು ಕೆಲಸ ಬರುತ್ತಿದೆ ಎಂಬುದು ಚೆನ್ನಾಗಿ ಅರ್ಥವಾಯಿತು. "ನೀವು ಹ್ಞೂಂ ಅಂದ್ರೆ ನಾನೇ ಮಾಡ್ತೀನಿ."

"ಗಟ್ಟಿ ಮರ ಹಾಕು. ತಮ್ಮನಿಗೆ ಹೇಳ್ಬೇಡ. ನೀನೂ ನಲ್ಲಿ ಹತ್ರ ಬಾಯಿ ಬಿಡ್ಬೇಡ ಕಣೆ. ಅವನು ಗೋಡೆ ಒಡೆಯೋದು ಅವನ ಲೆಕ್ಕ, ಚೌಕಟ್ಟು ನನ್ನ ಲೆಕ್ಕ."

ಬಡಗಿ ಈ ಕಡೆ ಬಂದು, "ಅವರದ್ದೇನೂ ಅಡ್ಡಿ ಇಲ್ಲ ಸಾರ್. ಒಂದೆರಡು ದಿನ ಬಿಟ್ಟು ಬರ್ತೀನಿ," ಎಂದು ಚೀಲ ಎತ್ತಿಕೊಂಡು ಚೌಕಟ್ಟು ಮಾಡಲು ಹೋದ.

ಅವತ್ತೇ ಸಂಜೆ ಗೋಡೆಯಾಚೆ ಬೀರು ಎಳೆಯುವ ಸದ್ದು ಶುರುವಾಯಿತು. ಅಣ್ಣನ ಬೀರು ಕಬ್ಬಿಣದ್ದು. ಅದನ್ನು ಅಣ್ಣ ಅತ್ತಿಗೆ ಇಬ್ಬರೇ, ಒಂದು ಗೇಣು ಎಳೆದು, ಕೂತು, ಸುಧಾರಿಸಿಕೊಂಡು, ಮತ್ತೆ ಒಂದು ಗೇಣು ಎಳೆಯುತ್ತಿದ್ದರು.

"ಕೇಳಿದೆಯಾ ಸಿಟ್ಟು!" ಅಂದ ಮೀಟರಯ್ಯ. "ನಾನು ಏನೋ ಒಂದು ಮಾಡ್ತೀನಿ ಅಂದ ಕೂಡಲೇ ಸಾಮಾನು ಎತ್ತಿ ಕುಕ್ಕೋಕೆ ಶುರು."

"ಸಿಟ್ಟಿಗೆ ಯಾರಾದ್ರೂ ಬೀರು ಕುಕ್ಕುತಾರೇನ್ರೀ? ಪಾತ್ರೆ ಕುಕ್ಕುತಾರೆ," ಅಂದಳು ಹೆಂಡತಿ, ಆ ವಿಷಯದಲ್ಲಿ ತಿಳಿವಳಿಕೆ ಇದ್ದವಳು.

ಮರುದಿನ ಸೋದರಮಾವನೇ ಬಂದ. ಮೊದಲು ಅಣ್ಣನ ಮನೆಗೆ ಹೋಗಿ, ಅಲ್ಲಿಂದ ಮುಖ ಅರಳಿಸಿಕೊಂಡು ಇಲ್ಲಿಗೆ ಬಂದು ಮೀಟರಯ್ಯನ ಬೆನ್ನು ತಟ್ಟಿದ.

"ಭಲೇ ಅಳಿಯ! ಕೊನೆಗೂ ಒಂದು ಮನುಷ್ಯರು ಮಾಡೋ ಕೆಲಸ ಮಾಡಿದೆ."

"ಅಂಥ ದೊಡ್ಡದೇನಲ್ಲ ಮಾವ. ಬಹಳ ದಿನದ ಆಸೆ."

"ಆಸೆ ಇತ್ತಾ? ಮತ್ತೆ ಬಾಯಿಬಿಟ್ಟು ಹೇಳ್ಲಿಲ್ವಲ್ಲೋ ಕಳ್ಳ!"

"ಯಾರು ನಗ್ತಾರೋ ಅಂತ…"

"ಯಾರೂ ನಗಲ್ಲ. ನಿಮ್ಮಮ್ಮ ಇದ್ದಿದ್ರೆ ಸಂತೋಷಕ್ಕೆ ಅತ್ತುಬಿಡೋಳು."

ಅಮ್ಮ ಕೀಬೋರ್ಡು ಕೇಳಿ ಅತ್ತದ್ದೇನೋ ಮೀಟರಯ್ಯನಿಗೆ ನೆನಪಿತ್ತು. ಅದು ಸಂತೋಷಕ್ಕೆ ಎಂದು ಅವನು ಅಂದುಕೊಂಡಿರಲಿಲ್ಲ. ಆದರೂ ಹೊಗಳಿಕೆ ಬಂದಾಗ ಬಾಗಿಲು ಹಾಕಬಾರದೆಂದು ಸುಮ್ಮನಿದ್ದ.

"ಮನೆ ಎಷ್ಟು ದೊಡ್ಡದಾಗತ್ತೆ ನೋಡು," ಅಂದ ಮಾವ.

"ಹೌದು ಮಾವ. ನೆಲ ಎಲ್ಲ ಖಾಲಿ."

"ಕೆಲಸ ಮುಗಿಯೋ ದಿನ ನಾವೆಲ್ಲ ಇರ್ತೀವಿ. ನಿಮ್ಮತ್ತೆ, ಮಕ್ಕಳು, ಎಲ್ಲರಿಗೂ ಹೇಳಿದೀನಿ. ಕಣ್ಣಾರೆ ನೋಡ್ಬೇಕು."

ಮಾವ ಹೋದ ಮೇಲೆ ಮೀಟರಯ್ಯ ಹೆಂಡತಿಗೆ ಗಂಭೀರವಾಗಿ ಹೇಳಿದ: "ಸ್ಟುಡಿಯೋ ಅಂದ್ರೆ ಜನಕ್ಕೆ ಎಷ್ಟು ಗೌರವ ನೋಡು. ಅವತ್ತು ನಾನು ಏನಾದರೂ ನುಡಿಸ್ಬೇಕು." ಅಂದಿನಿಂದ ಅಭ್ಯಾಸ ಶುರುವಾಯಿತು. ಅವನಿಗೆ ಪೂರ್ತಿ ಬರುವ ಹಾಡು ಯಾವುದೂ ಇರಲಿಲ್ಲ. ಅರ್ಧರ್ಧ ಬರುವಂಥವು ಬೇಕಾದಷ್ಟಿದ್ದವು.

ಆ ದಿನ ಬಂತು. ಮಾವನ ಮನೆಯವರು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು ಬೀದಿಯಲ್ಲೇ ನಿಂತರು. ಎರಡು ಮನೆಯ ಬಾಗಿಲಲ್ಲಿ ಮೊದಲು ಯಾವುದಕ್ಕೆ ಹೋಗಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಮೀಟರಯ್ಯ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಹೊರಗೆ ಬಂದ. ಬಡಗಿ ಇನ್ನೂ ಬಂದಿರಲಿಲ್ಲ. ಬಂದವನು ಕಟ್ಟಡ ಕಚೇರಿಯ ಇನ್‌ಸ್ಪೆಕ್ಟರು.

ಎದುರುಮನೆಯ ಟೀಚರಮ್ಮ ದೂರು ಕೊಟ್ಟಿದ್ದರು. ಅವರು ತಮ್ಮ ಕಿಟಕಿಯಲ್ಲಿ ನಿಂತು, "ಹೌದು, ನಾನೇ ಕೊಟ್ಟಿದ್ದು! ದಿನವಿಡೀ ಗೋಡೆ ಕೊರೀತಾರೆ! ಅವರ ಮನೆ ಬಿದ್ದರೆ ನಮ್ಮ ಹೂಕುಂಡದ ಗತಿ ಏನು?" ಎಂದು ಹೇಳಲು ಬಾಯಿ ತೆರೆದಿದ್ದರು. ಆದರೆ ಅಷ್ಟರಲ್ಲಿ ಮೀಟರಯ್ಯ ಇನ್‌ಸ್ಪೆಕ್ಟರನ್ನು ಒಳಗೆ ಕರೆದುಕೊಂಡು ಹೋಗಿಬಿಟ್ಟ.

ಇನ್‌ಸ್ಪೆಕ್ಟರು ಆರು ತೂತನ್ನೂ ಒಂದೊಂದಾಗಿ ನೋಡಿದ. ಒಂದಕ್ಕೆ ಕಣ್ಣಿಟ್ಟ. ಅತ್ತ ಕಡೆ ಮೂಲೆಗೆ ಸರಿಸಿದ ಬೀರು, ಒಗೆದ ಪರದೆ, ಸಾಲಾಗಿ ಇಟ್ಟ ಕುರ್ಚಿ ಕಂಡವು.

"ಅನುಮತಿ ಇಲ್ಲದೆ ಗೋಡೆ ಒಡೆದು ಬಾಗಿಲು ಇಡ್ತಿದೀರಿ," ಅಂದ.

"ಬಾಗಿಲಾ?"

"ನನಗೆ ಹೇಳ್ಕೊಡಬೇಡ್ರಿ. ಎಷ್ಟು ಬಾಗಿಲು ನೋಡಿಲ್ಲ ನಾನು. ಎರಡು ಮನೆ ಒಂದು ಮಾಡಬೇಕಂದ್ರೆ ಕಚೇರಿಗೆ ಹೇಳಬೇಕು. ಇಲ್ಲಾಂದ್ರೆ ನೋಟಿಸು."

ನೋಟಿಸು ಅಂದದ್ದೇ ತಡ, ಮೀಟರಯ್ಯನಿಗೆ ಎಲ್ಲ ಹೊಳೆದುಹೋಯಿತು. ಅವನಿಗೆ ಹೊಳೆಯುವುದೇ ಅಪರೂಪ, ಹೊಳೆದಾಗಲೆಲ್ಲ ತಪ್ಪೇ ಹೊಳೆಯುತ್ತಿತ್ತು. ಬೀರು ಕುಕ್ಕಿದ್ದು ಸಾಲದು ಅಂತ ಅಣ್ಣ ಕಚೇರಿಗೂ ಹೋಗಿದ್ದಾನೆ! ಅವನು ದಡದಡನೆ ಬೀದಿಗೆ ಬಂದ. ಅವನ ಹಿಂದೆಯೇ ಇನ್‌ಸ್ಪೆಕ್ಟರು ಬಂದ.

ಪಕ್ಕದ ಬಾಗಿಲಲ್ಲಿ ಅಣ್ಣ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ದೊಡ್ಡ ತಟ್ಟೆ, ತಟ್ಟೆಯಲ್ಲಿ ಬಿಸಿ ಆರದ ಕೇಕು. ಬೇಕರಿ ಬಿಟ್ಟ ಮೇಲೆ ಅವನು ಒಲೆ ಮುಟ್ಟಿರಲಿಲ್ಲ. ಅವತ್ತು ಮುಟ್ಟಿದ್ದ. ತಮ್ಮನನ್ನು ನೋಡಿ, ಆಕಾಶ ನೋಡುವುದನ್ನು ಬಿಟ್ಟು, ನಕ್ಕ.

"ನೋಡಿ ಮಾವ, ನೋಡಿ!" ಎಂದು ಮೀಟರಯ್ಯ ಕೂಗಿದ. "ದೂರು ಕೊಟ್ಟಿದ್ದೂ ಅಲ್ಲದೆ ಇನ್‌ಸ್ಪೆಕ್ಟರಿಗೆ ಕೇಕು ಬೇರೆ!"

"ಲೋ, ಲೋ, ಬಾಯಿ ಮುಚ್ಚೋ…" ಅಂದ ಮಾವ.

"ನಾನ್ಯಾಕೆ ಮುಚ್ಚಲಿ? ಇನ್‌ಸ್ಪೆಕ್ಟರ್ ಸಾಹೇಬ್ರೇ, ಎಲ್ಲರೆದುರು ಹೇಳ್ತೀನಿ ಕೇಳಿ. ಈ ಗೋಡೆಗೆ ಬಾಗಿಲಾ? ನಾನಿಡ್ತೀನಾ? ನಾನಿರೋ ತನಕ ಈ ಗೋಡೆಗೆ ಬಾಗಿಲು ಅನ್ನೋದು ಬರಲ್ಲ! ಬೇಕಾದ್ರೆ ಇನ್ನೊಂದು ವರಸೆ ಇಟ್ಟಿಗೆ ಕಟ್ಟಿಸಿ ದಪ್ಪ ಮಾಡ್ತೀನಿ. ಆ ತೂತು ನನ್ನ ಕೀಬೋರ್ಡು ನೇತುಹಾಕೋಕೆ. ಅಷ್ಟೇ!"

"ಕೀಬೋರ್ಡಾ?" ಅಂದ ಮಾವ.

"ಕೀಬೋರ್ಡಾ?" ಅಂದ ಇನ್‌ಸ್ಪೆಕ್ಟರು. "ಹಂಗಾದ್ರೆ ಅನುಮತಿ ಬೇಕಿಲ್ಲ."

ತಟ್ಟೆ ಹಿಡಿದ ಅಣ್ಣನ ಕೈ ಹಾಗೇ ಇತ್ತು. ಹಾಗೇ ತಟ್ಟೆಯ ಸಮೇತ ಹಿಂದಕ್ಕೆ ತಿರುಗಿ, ಒಳಗೆ ಹೋದ. ಇನ್‌ಸ್ಪೆಕ್ಟರು ಕೇಕು ಹೋದ ದಿಕ್ಕನ್ನೇ ಸ್ವಲ್ಪ ಹೊತ್ತು ನೋಡಿ, ತಾನೂ ಹೊರಟ. ಬೀದಿಯ ತಿರುವಿನಲ್ಲಿ ಅಂದಾಜಪ್ಪನ ತಳ್ಳುಗಾಡಿ ಬಂದದ್ದನ್ನೂ, ಅದರ ಮೇಲೆ ಹೊಸ ಮರದ ಚೌಕಟ್ಟು ಇದ್ದದ್ದನ್ನೂ, ಗಲಾಟೆ ಕೇಳಿ ಗಾಡಿ ವಾಪಸು ತಿರುಗಿದ್ದನ್ನೂ ಯಾರೂ ಗಮನಿಸಲಿಲ್ಲ.

ಮಾವ ತಲೆ ಮೇಲೆ ಕೈ ಹೊತ್ತು ಜಗುಲಿಯ ಮೇಲೆ ಕೂತ. "ಅವತ್ತು ಆ ಗೋಡೆ ಮನೆ ನಡುವೆ ಕಟ್ಟಿಸಿದ್ದು ನನ್ನ ತಪ್ಪು ಕಣೋ. ನಿನ್ನ ಸುತ್ತ ಕಟ್ಟಿಸಬೇಕಿತ್ತು," ಅಂದು, ಸಂಸಾರ ಕರೆದುಕೊಂಡು ಹೊರಟುಹೋದ.

ಸ್ಟುಡಿಯೋ ನೋಡಲು ಬಂದವರು ನೋಡದೆ ಯಾಕೆ ಹೋದರೆಂದು ಮೀಟರಯ್ಯನಿಗೆ ತಿಳಿಯಲಿಲ್ಲ. ಅತ್ತ ಕಡೆ ಬೀರು ಎಳೆಯುವ ಸದ್ದು ಮತ್ತೆ ಶುರುವಾಯಿತು. ಈ ಸಲ ಒಂದು ಗೇಣಿಗೂ ಇನ್ನೊಂದು ಗೇಣಿಗೂ ನಡುವೆ ಬಹಳ ಹೊತ್ತು ಹಿಡಿಯಿತು.

ಮಾರನೆಯ ದಿನ ಬಡಗಿ ಬಂದು, ಪಟ್ಟಿ ಹಾಕಲು ಆ ಕಡೆ ಜಾಗವಿಲ್ಲವೆಂದು, ತೂತಿಗೆ ಮರದ ಗೂಟ ಬಡಿದು ಸಿಮೆಂಟು ಮೆತ್ತಿ, ಅಂದಾಜಿನ ಮೇಲೆ ಮೂರನ್ನೂ ಏರಿಸಿಹೋದ. ಅವನು ಚೌಕಟ್ಟಿನ ಮಾತು ಎತ್ತಲಿಲ್ಲ. ಯಾರೂ ಕೇಳಲಿಲ್ಲ, ಕೇಳಿದ್ದರೆ ಹೌದು ಅನ್ನುತ್ತಿದ್ದ.

ನೋಡುವುದಕ್ಕೇನೋ ಸ್ಟುಡಿಯೋ ಹಾಗೆಯೇ ಇತ್ತು. ನುಡಿಸುವುದೇ ಕಷ್ಟ. ಕೆಳಗಿನದಕ್ಕೆ ಮೊಣಕಾಲೂರಬೇಕು, ನಡುವಿನದು ಎದೆಗೆ ತಗಲುತ್ತಿತ್ತು, ಸಿಂಥಸೈಜರು ತಲೆಯಿಂದ ಮೇಲೆ. ಮೀಟರಯ್ಯ ಗೋಡೆಗೆ ಮುಖಮಾಡಿ, ತುದಿಗಾಲಲ್ಲಿ ನಿಂತು, ಅಟ್ಟದ ಮೇಲಿನ ಡಬ್ಬಿ ತಡಕುವವನ ಹಾಗೆ ಎರಡು ಕೈಯನ್ನೂ ಮೇಲೆತ್ತಿ ಒಂದು ಅರ್ಧ ಹಾಡು ನುಡಿಸುತ್ತಿದ್ದ. ಆಗ ಹೆಂಡತಿ ಹಿತ್ತಲಿಂದ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ಬಂದಳು. ಬಕೆಟ್ಟು ಕೆಳಗಿಡಲಿಲ್ಲ.

"ಭಾವ ದೂರು ಕೊಟ್ಟಿಲ್ವಂತೆ ಕಣ್ರೀ. ಎದುರುಮನೆ ಟೀಚರಮ್ಮ ಕೊಟ್ಟಿದ್ದಂತೆ."

"ಮತ್ತೆ ಕೇಕು?"

"ನಿಮಗೆ. ನೀವು ಗೋಡೆ ಒಡೆದು ಬಾಗಿಲು ಇಡ್ತಿದೀರ ಅಂದ್ಕೊಂಡಿದ್ರಂತೆ. ಬೀರು ಸರಿಸಿದ್ದೂ ಅದಕ್ಕೇನೇ. ಚೌಕಟ್ಟೂ ಮಾಡ್ಸಿದ್ರಂತೆ. ಅಕ್ಕ ಅಲ್ಲಿ ನಲ್ಲಿ ಹತ್ರ ಕೂತು ಅಳ್ತಿದಾಳೆ. ಭಾವ ಅವತ್ತಿಂದ ಸರಿಯಾಗಿ ಊಟ ಮಾಡಿಲ್ವಂತೆ."

ಮೀಟರಯ್ಯ ತಿರುಗಲಿಲ್ಲ. ಕೈಯನ್ನೂ ಇಳಿಸಲಿಲ್ಲ. ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ಎರಡು ಕೈಯನ್ನೂ ಎತ್ತಿಕೊಂಡು ಗೋಡೆಗೆ ಮುಖ ಕೊಟ್ಟು ನಿಂತೇ ಇದ್ದ. ಬೆರಳು ಯಾವುದೋ ಕೀಯ ಮೇಲೆ ಉಳಿದು, ಸಿಂಥಸೈಜರು ಒಂದೇ ಸ್ವರದಲ್ಲಿ ಕೊರಗುತ್ತಿತ್ತು.

"ಅದನ್ನ ನಿಲ್ಲಿಸ್ರೀ," ಅಂದಳು ಹೆಂಡತಿ.

ಆಮೇಲೆ ಕೆಲವು ದಿನ ಮೀಟರಯ್ಯ ಅಣ್ಣನ ಮನೆಗೆ ಹೋಗಬೇಕೆಂದು ಹೊರಟು, ಬೀದಿಯಲ್ಲಿ ಧೈರ್ಯ ಸಾಲದೆ, ಅಂಗಡಿಗೆ ಹೋಗಿ ಉಪ್ಪು ತಂದ. ಮನೆಯಲ್ಲಿ ಉಪ್ಪು ಬಹಳವಾಯಿತು. ಚೌಕಟ್ಟಾದರೂ ತಂದು ಒಪ್ಪಿಸೋಣ ಎಂದು ಬಡಗಿಯ ಹತ್ತಿರ ಹೋಗುವಷ್ಟರಲ್ಲಿ ಅಂದಾಜಪ್ಪನೇ ತಳ್ಳುಗಾಡಿಯಲ್ಲಿ ಒಂದು ಮೇಜು ತಂದು ಬಾಗಿಲಲ್ಲಿ ಇಳಿಸಿದ. ಉದ್ದನೆಯ ಮೇಜು. ಕಾಲುಗಳು ಮನೆ ಹೊರುವಷ್ಟು ದಪ್ಪ.

"ಏನಿದು? ನಾನು ಹೇಳಿಲ್ವಲ್ಲ."

"ನಿಮ್ಮಣ್ಣ ಕಳಿಸಿದ್ದು ಸಾರ್. ಆ ಚೌಕಟ್ಟು ಬಿಚ್ಚಿಸಿ ಮಾಡ್ಸಿದ್ರು. ಕೈ ಮೇಲೆತ್ಕೊಂಡು ನುಡಿಸಿದ್ರೆ ಭುಜ ಹೋಗತ್ತೆ, ಕೂತ್ಕೊಂಡು ನುಡಿಸ್ಲಿ ಅಂದ್ರು. ತೂತಿಂದ ತೂತಿಗೆ ಆ ಕಡೆಯಿಂದ ಅಳತೆ ಹಿಡಿದ್ರು. ನನ್ನ ಟೇಪು ಅವರೇ ಈಚೆ ತೆಗೆಸಿದ್ರು ಸಾರ್."

ಮೂರೂ ವಾದ್ಯ ಅದರ ಮೇಲೆ ಒಂದರ ಹಿಂದೊಂದು ಕೂತವು. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಅವತ್ತು ಮೀಟರಯ್ಯ ಉಪ್ಪಿನ ಅಂಗಡಿಯ ಕಡೆಗೆ ತಿರುಗಲಿಲ್ಲ. ಅಣ್ಣನ ಮನೆಯ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಅತ್ತಿಗೆ ತೆಗೆದು, "ಬಾಪ್ಪ, ಒಳಗೆ ಬಾ," ಅಂದಳು. ಕೂಡಲೇ ಕಾಫಿಗೆ ಇಡುತ್ತೇನೆಂದು ಒಳಗೆ ಹೋದಳು. ಅಣ್ಣ ಕುರ್ಚಿಯಲ್ಲಿ ಕೂತಿದ್ದ. ಅಂಗಿಯ ತೋಳು ಮಡಚಿತ್ತು. ಒಲೆಯ ಮುಂದೆ ಅಷ್ಟು ವರ್ಷ ದುಡಿದ ತೋಳು ಇಷ್ಟು ಸಣ್ಣಗಾಗಿದ್ದನ್ನು ಮೀಟರಯ್ಯ ನೋಡಿಯೇ ಇರಲಿಲ್ಲ. ಅಣ್ಣನ ಹಿಂದೆ ಬೀರು, ಗೋಡೆಗೆ ಬೆನ್ನು ಕೊಟ್ಟು, ಮೊದಲಿನ ಜಾಗದಲ್ಲೇ ನಿಂತಿತ್ತು.

"ಮೇಜು ಅಲ್ಲಾಡತ್ತಾ?" ಅಂದ ಅಣ್ಣ.

"ಇಲ್ಲ ಅಣ್ಣ."

"ಅಲ್ಲಾಡಿದ್ರೆ ಕಾಲಿನ ಕೆಳಗೆ ಕಾಗದ ಮಡಚಿ ಇಡು."

"ಹ್ಞೂಂ."

ಕಾಫಿ ಬಂತು. ಇಬ್ಬರೂ ಕುಡಿದರು. ಮೀಟರಯ್ಯ ಮನೆಯಿಂದ ಹೊರಡುವಾಗ ಬಹಳ ಮಾತು ಕಟ್ಟಿಕೊಂಡು ಬಂದಿದ್ದ. ಲೋಟದ ತಳ ಕಾಣುವಷ್ಟರಲ್ಲಿ ಒಂದು ಮಾತ್ರ ಉಳಿದಿತ್ತು.

"ಅಣ್ಣ, ಆ ಗೋಡೆಗೆ… ಒಂದು ಬಾಗಿಲು ಇಡಿಸೋಣ್ವಾ?"

ಅಣ್ಣ ಲೋಟ ಕೆಳಗಿಟ್ಟ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿ.

"ಈ ಬೀರು ಬಲು ಭಾರ ಕಣೋ," ಅಂದ. "ಇನ್ನೊಂದು ಸಲ ಸರಿಸೋಕೆ ನನ್ನ ಕೈಲಾಗಲ್ಲ."

ಮೀಟರಯ್ಯ ಎದ್ದು ಬಂದ. ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಮಾತಾಡಿದ್ರಾ? ಬಾಗಿಲಿನ ವಿಷಯ ಕೇಳಿದ್ರಾ?"

"ಕೇಳಿದೆ."

"ಭಾವ ಏನಂದ್ರು?"

"ಬೀರು ಬಲು ಭಾರ ಅಂದ."

"ಅದಕ್ಕೆ ನೀವೇನಂದ್ರಿ?"

ಮೀಟರಯ್ಯ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ನಿಂತುಕೊಂಡ.

"ಹೌದಣ್ಣ, ಭಾರಾನೇ, ಅಂದೆ."